ಮಾನ್ವಿಯ ಎರಡನೆಯ ಓಟ

ಈಗಲೂ ಬಿಸಿ ಮಾಡಿದ ಕುಸುಬೆ ಎಣ್ಣೆಯ ವಾಸನೆ ಬಂದರೆ ನನ್ನ ಕಾಲುಗಳು ತಾವಾಗಿ ಹಗುರಾಗುತ್ತವೆ.

ನಾನಾಗ ಏಳನೆಯ ತರಗತಿ. ಮಾನ್ವಿಯಲ್ಲಿ ತಾಲ್ಲೂಕು ಕ್ರೀಡಾಕೂಟ. ಬೆಳಗಿನ ಓಟದಲ್ಲಿ ಹೇಗೋ ಎರಡನೆಯವಳಾಗಿ ಗೆರೆ ದಾಟಿದವಳೇ ನೆಲಕ್ಕೆ ಬಿದ್ದೆ. ಕಾಲು ಕಲ್ಲಾಗಿದ್ದವು, ಎದೆ ಉರಿಯುತ್ತಿತ್ತು. ಮಧ್ಯಾಹ್ನ ಫೈನಲ್. ಅದರಲ್ಲಿ ಗೆದ್ದವಳಿಗೆ ಮಾತ್ರ ರಾಯಚೂರಿನಲ್ಲಿ ಓಡುವ ಅವಕಾಶ.

ಅಕ್ಕನನ್ನು ಮಾನ್ವಿಗೇ ಕೊಟ್ಟಿತ್ತು. ತುಂಬು ಬಸುರಿ. ಸೀರೆಯ ನೆರಿಗೆ ಎತ್ತಿ ಹಿಡಿದು ಬಂದವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳಬೇ, ಈಗ ಮಕ್ಕೊಂಡ್ರ ಕಾಲು ಹಿಡಕೊಂತಾವ. ಮೆಲ್ಲಕ ಅಡ್ಡಾಡು."

"ಆಗಂಗಿಲ್ಲಕ್ಕಾ."

"ನಾ ಎರಡು ಜೀವ ಹೊತ್ಕೊಂಡು ಅಡ್ಡಾಡಾಕತ್ತೀನಿ. ನಿನ್ನ ಒಂದು ಜೀವಕ್ಕ ಏನಾಗೇದ?"

ಇಬ್ಬರೂ ಮೈದಾನದ ಅಂಚಿನಲ್ಲಿ ನಡೆದೆವು. ಉಸಿರು ಹದಕ್ಕೆ ಬಂದ ಮೇಲೆ ನನ್ನನ್ನು ಬೇವಿನ ನೆರಳಲ್ಲಿ ಕೂಡಿಸಿ, ಬೆಲ್ಲ ತಿನ್ನಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು. ಆಮೇಲೆ ಮನೆಯಿಂದ ತಂದ ಬೆಚ್ಚನೆಯ ಎಣ್ಣೆ ಹಚ್ಚಿ ಕಾಲು ನೀವಿದಳು. ಅವಳ ಒರಟು ಅಂಗೈ ಕೆಳಗೆ ಗಂಟುಗಳು ಒಂದೊಂದಾಗಿ ಸಡಿಲವಾದವು. ನನಗೆ ನಿದ್ದೆಯೇ ಬಂದುಬಿಟ್ಟಿತು.

ಫೈನಲ್‌ನ ಕೊನೆಯ ಸುತ್ತಿನಲ್ಲಿ ಮತ್ತೆ ಎದೆ ಉರಿಯಿತು. ಆದರೆ ಕಾಲು ನನ್ನ ಮಾತು ಕೇಳಿದವು. ಬೆಳಿಗ್ಗೆ ಗೆದ್ದಿದ್ದ ಹುಡುಗಿಯನ್ನು ತಿರುವಿನಲ್ಲಿ ಹಿಂದೆ ಹಾಕಿದೆ. ಗೆರೆಯ ಮೇಲೆ ಕಟ್ಟಿದ್ದ ದಾರ ನನ್ನ ಎದೆಗೇ ತಾಗಿತು.

ಅಕ್ಕನ ಮಾವ ಊರ ಹಿರಿಯರ ಜೊತೆ ಕುರ್ಚಿಯಲ್ಲಿ ಕೂತಿದ್ದರು. ಅವರೆದುರು ಎಂದೂ ದನಿ ಎತ್ತದ ಅಕ್ಕ, ತಲೆಯ ಸೆರಗು ಜಾರಿದ್ದೂ ತಿಳಿಯದೆ, ಮೈದಾನವೆಲ್ಲ ತಿರುಗಿ ನೋಡುವಂತೆ ಕೂಗಿದಳು:

"ನನ್ನ ತಂಗಿರೀ ಆಕಿ! ನನ್ನ ತಂಗಿ!"