ನೀಲವ್ವ ನಿಲ್ಲಲು ಕಲಿತಳು

ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ನೀಲವ್ವನ ಸೊಂಟ ಹಿಡಿದುಹೋಗಿತ್ತು. ಒಂದು ಸ್ಟೂಲ್ ಹಾಕಿಸಿಕೊಡಿ ಎಂದು ಸಾಹುಕಾರನನ್ನು ಅಂಗಲಾಚಿದಳು.

"ಗಿರಾಕಿ ನಿಂತಾಗ ನೀ ಕುಂತ್ರ ಅಂಗಡಿ ಮರ್ಯಾದಿ ಏನಾಕ್ಕೈತಿ?" ಎಂದ ಸಾಹುಕಾರ, ಸ್ಟೂಲಿನ ಬದಲು ವ್ಯಾಯಾಮದ ಡಾಕ್ಟರಮ್ಮನನ್ನು ಕರೆಸಿದ.

"ಸೆಟೆದು ನಿಲ್ಲಬ್ಯಾಡ್ರಿ ಅಕ್ಕಾರ," ಎಂದಳು ಆಕೆ. "ಮೊಣಕಾಲು ಸಡಿಲ ಬಿಡ್ರಿ, ಭುಜ ಇಳಿಬಿಡ್ರಿ, ಎರಡೂ ಪಾದದ ಮ್ಯಾಲೆ ಭಾರ ಸಮ ಹಾಕ್ರಿ."

ನೀಲವ್ವ ಹಾಗೆಯೇ ನಿಂತಳು. ದಿನ ಕಳೆದಂತೆ ನೋವು ಹಗುರಾಯಿತು, ಸಾಹುಕಾರನ ಮೇಲಿನ ಸಿಟ್ಟೂ ಇಳಿಯಿತು. ಒಂದು ಬೆಳಿಗ್ಗೆ ಅಂಗಡಿಯ ಉಳಿದ ಕೆಲಸದವರೆಲ್ಲರ ಎದುರಿಗೇ ಅವನಿಗೆ ಕೈಮುಗಿದಳು.

"ನಿಮ್ಮ ಪುಣ್ಯಾರೀ ಸಾವ್ಕಾರ್ರ. ಈಗ ನಿಂತೇನಿ ಅನ್ನೋದ ಗೊತ್ತಾಗಂಗಿಲ್ಲ."

"ಹೌದೇನ?" ಸಾಹುಕಾರ ಖುಷಿಯಿಂದ ಆಳಿನತ್ತ ತಿರುಗಿದ. "ಹಂಗಾರ, ಇವರೆಲ್ಲ ಊಟಕ್ಕ ಕೂಡೋ ಬೆಂಚ್ ತಗದು ಗೋಡೌನಿಗೆ ಹಾಕೋ."