ಸೇತುವೆ ಮುಚ್ಚುವ ಮೊದಲು

ಪೂರ್ವ ಪ್ರಾಂತ್ಯ ಇನ್ನು ನೈಜೀರಿಯಾದ ಒಕ್ಕೂಟದಲ್ಲಿಲ್ಲ, ಅದು ಬಿಯಾಫ್ರಾ ಎಂಬ ಸ್ವತಂತ್ರ ದೇಶ ಎಂದು ರೇಡಿಯೋ ಬೆಳಿಗ್ಗೆಯೇ ಸಾರಿತು. ಎನುಗು ಪಟ್ಟಣದ ಬೀದಿಗಳಲ್ಲಿ ಜನ ತಗಡು ಬಡಿದು ಕುಣಿಯತೊಡಗಿದರು. ಒಕ್ವುದಿಲಿ ಮಾತ್ರ ಒಳಕೋಣೆಗೆ ಹೋಗಿ ಹೆಂಡತಿಯ ಬಟ್ಟೆಗಳನ್ನು ಪೆಟ್ಟಿಗೆಗೆ ತುರುಕಲಾರಂಭಿಸಿದ.

"ಏನಿದು?" ಮೊರೆನಿಕೆ ಬಾಗಿಲಲ್ಲೇ ನಿಂತು ಕೇಳಿದಳು.

"ಒನಿಚಾಗೆ ಲಾರಿ ಹೊರಡ್ತಿದೆ. ಅಲ್ಲಿನ ಸೇತುವೆ ಮುಚ್ಚೋದ್ರೊಳಗೆ ನದಿ ದಾಟಿ ನಿನ್ನ ತವರಿಗೆ ಹೋಗಿಬಿಡು. ನಾವು ಇಬೋ ಜನ, ನೀನು ನದಿಯಾಚೆಯ ಯೊರೂಬಾದವಳು. ನಾಳೆ ಯುದ್ಧ ಶುರುವಾದ್ರೆ ಇಲ್ಲಿನ ಜನ ನಿನ್ನನ್ನ ಬೇಹುಗಾರ್ತಿ ಅಂತಾರೆ."

"ಮದುವೆಗೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ದೆಯಲ್ಲ, ಈಗ ಕೇಳೋದು ಬೇಡ್ವಾ? ಉಜು ಗತಿ?"

"ಮಗು ಇಲ್ಲೇ ಇರ್ಲಿ. ಅಲ್ಲಿ ಅವಳನ್ನ ಇಬೋ ಅಪ್ಪನ ಮಗಳು ಅಂತಾರೆ."

ಮೊರೆನಿಕೆ ಪೆಟ್ಟಿಗೆಯಿಂದ ಬಟ್ಟೆ ಎಳೆದು ಹಾಸಿಗೆಯ ಮೇಲೆ ಎಸೆದಳು. ಅವನು ಮತ್ತೆ ತುಂಬಿದ. ಅವಳು ಮತ್ತೆ ಎಸೆದಳು. ಅತ್ತೆ ಉಗೋಯೆ ಗೆಣಸು ಸುಲಿಯುತ್ತಿದ್ದ ಚಾಕು ಹಿಡಿದುಕೊಂಡೇ ಒಳಗೆ ಬಂದಳು.

"ಥೂ, ಬೀದೀಲಿ ಅವರ ಗಲಾಟೆ, ಮನೇಲಿ ನಿಮ್ಮದು! ಬೆಳಗಾಗೆದ್ದು ಒಂದು ಗೆಣಸು ಸುಲಿಯೋಕೂ ನೆಮ್ಮದಿ ಇಲ್ವಲ್ಲ!"

"ನೀನಾದ್ರೂ ಹೇಳಮ್ಮ. ಇವಳು ಹೋಗ್ಲಿ ಅಂತ ನೀನೇ ತಾನೆ ಅಂತಿದ್ದಿದ್ದು..."

"ಹೌದಪ್ಪ, ಅಂದಿದ್ದೆ. ಈ ಮನೆಗೆ ಬಂದ ದಿನದಿಂದ ಇವಳನ್ನ ಓಡಿಸೋಕೆ ನೋಡಿದೀನಿ. ಜಗಳ ಆಡಿದೆ, ಊಟ ಬಿಟ್ಟೆ, ನಿನಗೆ ಇನ್ನೊಂದು ಹೆಣ್ಣೂ ನೋಡಿಟ್ಟೆ. ಜಪ್ಪಯ್ಯ ಅಂದ್ರೂ ಕದಲಲಿಲ್ಲ ಪುಣ್ಯಾತ್ಗಿತ್ತಿ. ನನ್ನ ಕೈಲಾಗದ್ದು ಆ ರೇಡಿಯೋದವನ ಕೈಲಾಗುತ್ತಾ? ಎತ್ತಿಡೋ ಪೆಟ್ಟಿಗೇನ!"

ಮೊರೆನಿಕೆಗೆ ಅಳುವಿನ ಜೊತೆಗೇ ನಗು ಬಂತು. ಬೀದಿಯ ಕೊನೆಯಲ್ಲಿ ಲಾರಿ ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಒಕ್ವುದಿಲಿ ತಲೆ ಮೇಲೆ ಕೈಹೊತ್ತು ಕುಳಿತ.

ಅಷ್ಟರಲ್ಲಿ ಅಂಗಳದಿಂದ ಪಕ್ಕದ ಮನೆಯವಳ ದನಿ ಕೇಳಿಸಿತು. "ಉಗೋಯೆ ಅಕ್ಕಾ, ನಿಮ್ಮನೆ ಯೊರೂಬಾದವಳು ಹೊರಟ್ಲಾ? ಇವರು ಮನೆಮನೆಗೂ ಬಂದು ವಿಚಾರಿಸ್ತಿದಾರೆ." ಅವಳ ಹಿಂದೆ ದೊಣ್ಣೆ ಹಿಡಿದ ಇಬ್ಬರು ನಿಂತಿದ್ದರು. ಈ ಬಡಾವಣೆಯಲ್ಲಿ ಅವರನ್ನು ಯಾರೂ ನೋಡಿರಲಿಲ್ಲ.

"ಯಾವ ಯೊರೂಬಾದವಳು? ಇಲ್ಲಿರೋಳು ನನ್ನ ಸೊಸೆ," ಎಂದಳು ಮುದುಕಿ. "ನಿಮಗೆ ಬೇರೆ ಕೆಲಸ ಇಲ್ವೇನ್ರೋ?"

ಮೊರೆನಿಕೆ ಮುಂದೆ ಬಂದು, ಒಂದಕ್ಷರವೂ ತೊದಲದ ಇಬೋ ಭಾಷೆಯಲ್ಲಿ, "ಗೆಣಸು ಬೇಯಿಸ್ತೀವಿ, ತಿಂದ್ಕೊಂಡು ಹೋಗ್ರಪ್ಪ," ಎಂದಳು. ಬಂದವರು ಮುಖ ಮುಖ ನೋಡಿಕೊಂಡರು. ದೊಣ್ಣೆಗಳು ಸ್ವಲ್ಪ ಕೆಳಗಿಳಿದವು.

ಆಗಲೇ ನಿದ್ದೆಯಿಂದ ಎದ್ದ ಉಜು ಕಣ್ಣುಜ್ಜಿಕೊಳ್ಳುತ್ತ ಬಂದು ತಾಯಿಯ ಬಟ್ಟೆ ಜಗ್ಗಿದಳು. ದಿನಾ ಬೆಳಿಗ್ಗೆ ಅವಳು ನೀರು ಕೇಳುವುದು ತಾಯಿಯ ಯೊರೂಬಾ ಭಾಷೆಯಲ್ಲೇ. ಬಾಯಿ ತೆರೆದಳು.

ಉಗೋಯೆ ಸರಕ್ಕನೆ ಮೊಮ್ಮಗಳನ್ನು ಎದೆಗೆ ಎಳೆದುಕೊಂಡು, ಗೆಣಸಿನ ಲೋಳೆ ಮೆತ್ತಿದ ಅಂಗೈಯಿಂದ ಅವಳ ಬಾಯಿ ಬಿಗಿಯಾಗಿ ಮುಚ್ಚಿದಳು.