ರೆಪ್ಪೆ ಕಾಯುವವಳು

ಫೋನು ಬರಲಿಲ್ಲ.

ಹರಿಹರದ ಕಾರ್ಖಾನೆಯ ಗೇಟಿನ ಹೊರಗೆ ಬೈಕು ನಿಲ್ಲಿಸಿಕೊಂಡು ದಿನೇಶ ಮತ್ತೊಮ್ಮೆ ಫೋನು ತೆಗೆದು ನೋಡಿದ. ರಾತ್ರಿ ಪಾಳಿ ಬಿಟ್ಟು ಹೊತ್ತಾಗಿತ್ತು. ಲೇತ್ ಯಂತ್ರದ ಸದ್ದು ಇನ್ನೂ ತಲೆಯೊಳಗೆ ತಿರುಗುತ್ತಿತ್ತು. ಕಣ್ಣಿನಲ್ಲಿ ಮರಳು ತುಂಬಿದಂತಿತ್ತು. ಮಧ್ಯಾಹ್ನ ದಾವಣಗೆರೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಪರೀಕ್ಷೆ.

"ಯಾಕಲೇ, ನಿಮ್ಮವ್ವ ಇನ್ನೂ ಎದ್ದಿಲ್ಲೇನು?" ಜೊತೆ ಕೆಲಸದ ನಾಗಭೂಷಣ್ ಟೀ ಲೋಟ ಹಿಡಿದು ನಕ್ಕ. "ನಾಳೆ ಹೆಂಡ್ತಿ ಬಂದ್ಲು ಅಂದ್ರೆ ಆ ಫೋನು ಒಡೆದು ಹಾಕ್ತಾಳೆ ನೋಡು."

ದಿನೇಶ ನಗಲಿಲ್ಲ.

ಬೇರೆ ದಿನವಾದರೆ ಅವನು ಹೆಲ್ಮೆಟ್ಟು ಹಾಕುವುದರೊಳಗೆ ಗುರುಶಾಂತಮ್ಮನ ದನಿ ಕಿವಿಯಲ್ಲಿ ಬಂದು ಕೂರುತ್ತಿತ್ತು. ಶಾಮನೂರಿನ ಮನೆಯಲ್ಲಿ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಆಕೆ ಕರೆ ಮಾಡುತ್ತಿದ್ದಳು. ಅವನು ಕಾಲೇಜು ಮುಟ್ಟುವ ತನಕ ಫೋನು ಇಡುತ್ತಿರಲಿಲ್ಲ. ಊಟ ಮಾಡಿದೆಯಾ, ಮೈಗೆ ಹುಷಾರಿದೆಯಾ ಎಂದು ಕೇಳುವ ಪೈಕಿ ಅಲ್ಲ ಆಕೆ.

"ಎಲ್ಲಿದೀಯ?"

"ದೊಡ್ಡಬಾತಿ ಬಂತ್ರವ್ವ."

"ರೋಡ್ನಾಗೆ ಯಾರದಾರೆ?"

"ಇಬ್ರು ಹೆಣ್ಮಕ್ಕಳು. ತಲೆ ಮ್ಯಾಲೆ ಹುಲ್ಲಿನ ಹೊರೆ."

"ಅವರು ದಾಟೋಗಂಟ ನಿಲ್ಲು. ನಿಂತ್ಯಾ?"

"ನಿಂತೀನ್ರಿ."

"ಹೂಂ. ನಿನ್ನೆ ಕಾಲೇಜ್ನಾಗೆ ಏನು ಹೇಳಿಕೊಟ್ರು, ಅದನ್ನ ಹೇಳು."

ಆಕೆಗೆ ಅರ್ಥವಾಗುತ್ತಿರಲಿಲ್ಲ. ಅವನ ನಾಲಿಗೆ ಆಡುತ್ತಿರಬೇಕು, ಅಷ್ಟೇ. ಒಮ್ಮೆ ಅವನು ಸವಕಳಿಯ ಪಾಠ ಒಪ್ಪಿಸಿದ್ದ. ಯಂತ್ರ ದುಡಿದು ದುಡಿದು ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತದೆ ಎಂದಿದ್ದ. "ನಿನ್ನಂಗೆ," ಎಂದಿದ್ದಳು ಗುರುಶಾಂತಮ್ಮ.

ಶಾಮನೂರಿನ ತಿರುವು ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಿದ್ದರು. ಆಕೆಯ ಉಸಿರು ಕೇಳುತ್ತಿತ್ತು. ಅಲ್ಲಿಂದ ಆಕೆಯ ಮನೆ ಒಂದು ಕೂಗಿನಷ್ಟು ದೂರ. ಆದರೂ ಅವನು ಆ ಕಡೆ ಬೈಕು ತಿರುಗಿಸಿದವನಲ್ಲ. ಆ ಹೊಸ್ತಿಲು ತುಳಿಯುವ ಮುಖ ಅವನಿಗಿರಲಿಲ್ಲ. ಬಾ ಎಂದು ಆಕೆಯೂ ಕರೆದಿರಲಿಲ್ಲ.

ಕೆಲಸ ಬಿಡು, ಇಲ್ಲವೇ ಓದು ಬಿಡು ಎಂದು ಮೊದಮೊದಲು ಆಕೆ ಹಟ ಹಿಡಿದಿದ್ದಳು. ಹಾಸಿಗೆ ಹಿಡಿದ ಅಪ್ಪನ ಔಷಧಿ ಪಾಳಿಯ ದುಡಿಮೆಯಿಂದಲೇ ಬರಬೇಕು. ಓದು ಬಿಟ್ಟರೆ ಜೀವಮಾನವೆಲ್ಲ ಅದೇ ಪಾಳಿ. ಎರಡನ್ನೂ ಬಿಡಲಾರೆ ಎಂದು ಅವನು ತಲೆ ತಗ್ಗಿಸಿ ಹೇಳಿದ್ದ. ಆಕೆ, "ಹಂಗಾದ್ರೆ ನಿನ್ನ ಕಣ್ಣು ನಾನು ಕಾಯ್ತೀನಿ," ಎಂದಳು. ಅದರಲ್ಲಿ ಕರುಣೆಯಿತ್ತೋ ಶಾಪವಿತ್ತೋ, ಅವನಿಗೆ ಇವತ್ತಿನವರೆಗೂ ತಿಳಿದಿರಲಿಲ್ಲ.

ಇವತ್ತು ಅವನೇ ಕರೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಆಕೆಗೇನಾಯಿತೋ ಎಂಬ ದಿಗಿಲು ಹೊಕ್ಕಿತು. ಬೈಕು ಹತ್ತಿದ.

ಕಿವಿ ಬರಿದಾಗಿತ್ತು. ಊರು ದಾಟುತ್ತಿದ್ದಂತೆ ತಂಪು ಗಾಳಿ ಮುಖ ಸವರಿತು. ಅವನು ತನಗೆ ತಾನೇ ಪಾಠ ಹೇಳಿಕೊಂಡ. ಶಿವನಾಮ ಹೇಳಿಕೊಂಡ. ದೊಡ್ಡಬಾತಿಯ ಕೆರೆ ಕಂಡಿತು. ಆಮೇಲೆ ಕೆರೆ ಇರಲಿಲ್ಲ. ರಸ್ತೆಯೂ ಇರಲಿಲ್ಲ.

"ಮಕ್ಕೊಂಡು ಗಾಡಿ ಓಡಿಸ್ತೀಯೇನೋ ತಮ್ಮಾ?"

ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಹಿಡಿದು ಮುದುಕನೊಬ್ಬ ಎದುರಿಗೆ ನಿಂತಿದ್ದ. ಬೈಕಿನ ಮುಂದಿನ ಗಾಲಿ ಅವನ ಪಂಚೆಗೆ ತಾಗುವಷ್ಟು ಹತ್ತಿರದಲ್ಲಿ ನಿಂತಿತ್ತು. ಬ್ರೇಕು ಹಿಡಿದದ್ದು ದಿನೇಶನ ಕೈ. ಅವನಿಗೆ ಅದು ಗೊತ್ತಿರಲಿಲ್ಲ.

"ಹೌದಜ್ಜ," ಎಂದ. ಬೈಕಿನಿಂದ ಇಳಿದ. ಮತ್ತೆ ಹತ್ತಲಿಲ್ಲ.

ಅಲ್ಲಿಂದ ಶಾಮನೂರಿನವರೆಗೆ ಬೈಕು ತಳ್ಳಿದ. ಬಿಸಿಲೇರಿತು. ಬಸ್ಸು ಲಾರಿಗಳು ಹಾರನ್ನು ಹೊಡೆದು ಹೋದವು. ತಿರುವಿನಲ್ಲಿ ಕಾಲು ಕಿತ್ತಿಡಲಾರದೆ ನಿಂತ. ಆಮೇಲೆ ಆ ಮನೆಯ ಕಡೆ ತಿರುಗಿದ.

"ಅವ್ವಾ."

ಬಾಗಿಲು ತಡವಾಗಿ ತೆರೆಯಿತು. ಗುರುಶಾಂತಮ್ಮನ ಕೂದಲು ಕೆದರಿತ್ತು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಅವನನ್ನು ಕಂಡವಳ ಮುಖ ಬಿಳುಚಿತು.

"ಯಾರಿಗೇನಾತು?"

"ಯಾರಿಗೂ ಏನಾಗಿಲ್ಲವ್ವ. ಫೋನು ಬರಲಿಲ್ಲ. ದೊಡ್ಡಬಾತಿಯಿಂದ ತಳ್ಕೊಂಡು ಬಂದೆ."

ಆಕೆ ಅಂಗಳಕ್ಕಿಳಿದು ಬೈಕಿನ ಮುಂದಿನ ಗಾಲಿಯನ್ನು ನೋಡಿದಳು. ಸೆರಗಿನಿಂದ ಅದರ ಧೂಳು ಒರೆಸಿ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತಳು.

"ನಿದ್ದೆ ಹತ್ತಿಬಿಡ್ತು. ಪೂಜೆ ಮಾಡಿ ಹಂಗೇ ಒರಗಿದೆ. ವರ್ಷದ ಮ್ಯಾಲೆ ಇವತ್ತೇ ನೋಡು, ಕಣ್ಣು ಮುಚ್ಚಿದ್ದು." ಕೊಲೆ ಮಾಡಿದವಳಂತೆ ತಲೆ ತಗ್ಗಿಸಿದಳು. ಆಮೇಲೆ ಎದ್ದು, "ಒಳಗೆ ಬಾ," ಎಂದಳು.

ಪಡಸಾಲೆಯ ಮೂಲೆಯಲ್ಲಿ ಒಂದು ಮಂಚವಿತ್ತು. ಸುತ್ತಿಟ್ಟಿದ್ದ ಹಾಸಿಗೆಯನ್ನು ಬಿಚ್ಚಿ ಹಾಸಿದಳು. ಹೊದಿಕೆ ಕೊಡವಿದಳು.

"ಮಲಗು. ಪರೀಕ್ಷೆ ಹೊತ್ತಿಗೆ ಎಬ್ಬಿಸ್ತೀನಿ."

"ಇದರ ಮ್ಯಾಲೆ ಬ್ಯಾಡ್ರವ್ವ. ನೆಲದ ಮ್ಯಾಲೆ ಮಲಗ್ತೀನಿ."

"ಮಲಗು ಅಂದೆ."

ಎದುರು ಗೋಡೆಯ ಫೋಟೋದ ಕಡೆ ಕಣ್ಣೆತ್ತದೆ, ಮಗ್ಗುಲಾಗಿ ಮಲಗಿದ. ಬಾವಿಗೆ ಕಲ್ಲು ಬಿದ್ದಂತೆ ನಿದ್ದೆಗೆ ಬಿದ್ದ. ಗುರುಶಾಂತಮ್ಮ ತಲೆದೆಸೆಯಲ್ಲಿ ಕೂತಳು. ಬಾಗಿಲಿನಿಂದ ಬಿಸಿಲು ಅವನ ಮುಖಕ್ಕೆ ಬೀಳುತ್ತಿತ್ತು. ಅದಕ್ಕೆ ಅಂಗೈ ಅಡ್ಡ ಹಿಡಿದಳು.

ಪಕ್ಕದ ಮನೆಯ ಹಜೀರಾಬೀ ಬಾಗಿಲಲ್ಲಿ ಇಣುಕಿದಳು. "ಯಾರಕ್ಕ ಈ ಹುಡುಗ? ಆ ಮಂಚದ ಮ್ಯಾಲೆ ಯಾರನ್ನೂ ಕೂಡಾಕ ಬಿಡ್ತಿರಲಿಲ್ಲ ನೀನು."

"ಮೆಲ್ಲಗೆ ಮಾತಾಡು, ಈಗಷ್ಟೇ ನಿದ್ದೆ ಹತ್ತೈತೆ," ಎಂದಳು ಗುರುಶಾಂತಮ್ಮ. "ಹೋದ ವರ್ಷ ನಿದ್ದೆಗಣ್ಣಿನಾಗೆ ನನ್ನ ಮಗ ಶಿವಕುಮಾರನ ಮ್ಯಾಲೆ ಗಾಡಿ ಹತ್ತಿಸಿದ್ನಲ್ಲ, ಆ ಹುಡುಗ."